ಮೂರು ಆಯಾಮದ ಮಿದುಳು: ಚಿತ್ರದಲ್ಲಿ ಕಾಣದ ದೋಷಮಿತಿ

ಈಚೆಗೆ ನಮ್ಮ ಕಾಲೇಜಿನ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಹೆಚ್ಚು ಜನ ನೆರೆದಿದ್ದುದು ಒಂದು ಗಣಕದ ಮುಂದೆ. ಎರಡನೆಯ ವರ್ಷದ ಬಿ.ಎಸ್‌ಸಿ. ವಿದ್ಯಾರ್ಥಿಯೊಬ್ಬ 'ತ್ರೀಡಿ ಸ್ಲೈಸರ್' ಎಂಬ ಉಚಿತ ತಂತ್ರಾಂಶವನ್ನೂ ಅದರೊಡನೆ ದೊರೆಯುವ ಮಾದರಿ ಎಂ.ಆರ್.ಐ. ದತ್ತಾಂಶವನ್ನೂ ಇಳಿಸಿಕೊಂಡು, ಮಿದುಳನ್ನು ಪರದೆಯ ಮೇಲೆ ಬೇಕೆಂದ ಕಡೆಗೆ ತಿರುಗಿಸಿ ತೋರಿಸುತ್ತಿದ್ದ. ಬೂದು ಮಿದುಳಿನ ಒಳಗೆ ಕೆಂಪು ಬಣ್ಣದ ಗಡ್ಡೆ. ನೋಡಲು ಬಂದಿದ್ದ ಪ್ರೌಢಶಾಲೆಯ ಹುಡುಗಿ ಕೇಳಿದಳು: "ಅಣ್ಣಾ, ಇದು ಫೋಟೋನಾ?" ಅವನು, "ಹೂಂ, ಒಳಗಿನ ಫೋಟೋ" ಎಂದ.

ಅವನನ್ನು ನಾನು ತಪ್ಪೆನ್ನಲಾರೆ. ಆಸ್ಪತ್ರೆಗಳ ಜಾಹೀರಾತು, ಜನಪ್ರಿಯ ಪತ್ರಿಕೆ, ಪಠ್ಯಪುಸ್ತಕಗಳ ಮುಖಪುಟ ಎಲ್ಲವೂ ಈ ಚಿತ್ರಗಳನ್ನು ಫೋಟೋ ಎಂಬಂತೆಯೇ ಮುದ್ರಿಸುತ್ತವೆ. ಆದರೆ ಭೌತವಿಜ್ಞಾನದ ಮೇಷ್ಟ್ರಾಗಿ ನನಗೊಂದು ತಕರಾರಿದೆ. ವರ್ನಿಯರ್ ಕ್ಯಾಲಿಪರ್ಸ್‌ನಿಂದ ಉಕ್ಕಿನ ಗುಂಡನ್ನು ಅಳೆದ ವಿದ್ಯಾರ್ಥಿ ದೋಷಮಿತಿಯನ್ನು ಬರೆಯದಿದ್ದರೆ ನಾವು ಅಂಕ ಕಳೆಯುತ್ತೇವೆ. ಮಿದುಳು ಶಸ್ತ್ರವೈದ್ಯರು ಮಿಲಿಮೀಟರ್ ಲೆಕ್ಕದಲ್ಲಿ ಕತ್ತರಿ ಆಡಿಸಲು ನೆಚ್ಚುವ ಚಿತ್ರದ ಮೇಲೆ ಮಾತ್ರ ಈ ± ಚಿಹ್ನೆ ಕಾಣುವುದಿಲ್ಲ.

ಮೊದಲು ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ರೋಗಿಯ ಮಿದುಳನ್ನು ಪದರ ಪದರವಾಗಿ ತೋರಿಸಿತು. ಅಂದಿನ ಚಿತ್ರದಲ್ಲಿದ್ದದ್ದು 80 × 80 ಚೌಕಗಳು ಮಾತ್ರ. ಅಲ್ಲಿಂದ ಬಹುಕಾಲ ಶಸ್ತ್ರವೈದ್ಯರು ಬೆಳಕಿನ ಪೆಟ್ಟಿಗೆಯ ಮೇಲೆ ಹತ್ತಾರು ಫಿಲ್ಮುಗಳನ್ನು ಸಾಲಾಗಿ ಹಚ್ಚಿ, ಅವನ್ನು ಮನಸ್ಸಿನಲ್ಲೇ ಒಂದರ ಮೇಲೊಂದು ಪೇರಿಸಿ, ಗಡ್ಡೆ ಎಲ್ಲಿದೆ, ಯಾವ ದಾರಿಯಲ್ಲಿ ಹೋಗಬೇಕು ಎಂದು ನಿರ್ಧರಿಸುತ್ತಿದ್ದರು. ಈ ಪೇರಿಸುವ ಕೆಲಸವನ್ನು ಗಣಕ ವಹಿಸಿಕೊಂಡದ್ದು ದೊಡ್ಡ ಉಪಕಾರ. ತಲೆಬುರುಡೆಯ ಮೂಳೆ, ಬಣ್ಣದ್ರವ್ಯ ತುಂಬಿದ ರಕ್ತನಾಳ ಇವುಗಳ ಮೂರು ಆಯಾಮದ ಚಿತ್ರವಂತೂ ಬಹುಮಟ್ಟಿಗೆ ನಂಬಲರ್ಹ. ಮೂಳೆಗೂ ಪಕ್ಕದ ಅಂಗಾಂಶಕ್ಕೂ ಇರುವ ವ್ಯತ್ಯಾಸ ಅಷ್ಟು ದೊಡ್ಡದು. ಗಡ್ಡೆಯ ಸಂಗತಿ ಬೇರೆ.

ಒಂದೊಂದು ಪದರವೂ ಫೋಟೋ ಅಲ್ಲ, ಲೆಕ್ಕ ಎಂಬುದನ್ನು ಗಮನಿಸಿ. ಸಿ.ಟಿ. ಯಂತ್ರ ಅಳೆಯುವುದು ಹಲವು ದಿಕ್ಕುಗಳಿಂದ ಹಾಯ್ದ ಎಕ್ಸ್-ಕಿರಣ ಎಷ್ಟು ಕುಗ್ಗಿತು ಎಂಬುದನ್ನು. ಅದರಿಂದ ಚಿತ್ರವನ್ನು ಮರಳಿ ಕಟ್ಟಲು ಬೇಕಾದ ಗಣಿತವನ್ನು ಯೋಹಾನ್ ರಾಡೋನ್ 1917ರಲ್ಲೇ ಕೊಟ್ಟಿದ್ದರು. ಅದನ್ನು ಗಣಕಕ್ಕೆ ಸುಲಭವಾಗಿಸಿದ ವಿಧಾನಗಳಲ್ಲಿ ಪ್ರಸಿದ್ಧವಾದುದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಅವರು ಎ.ವಿ. ಲಕ್ಷ್ಮೀನಾರಾಯಣನ್ ಅವರೊಡನೆ 1971ರಲ್ಲಿ ಪ್ರಕಟಿಸಿದ ವಿಧಾನ. ಇಬ್ಬರ ಹೆಸರಿನ ಮೊದಲಕ್ಷರಗಳು ಸೇರಿ 'ರ್‍ಯಾಮ್-ಲ್ಯಾಕ್' ಶೋಧಕ ಎಂದೇ ಇಂದಿಗೂ ಅದು ಹೆಸರಾಗಿದೆ. (ಪ್ರೋಟೀನ್ ರಚನೆಯ ರಾಮಚಂದ್ರನ್ ನಮ್ಮ ವಿದ್ಯಾರ್ಥಿಗಳಿಗೆ ಗೊತ್ತು, ಈ ರಾಮಚಂದ್ರನ್ ಗೊತ್ತಿಲ್ಲ. ಅದು ಇನ್ನೊಂದು ಲೇಖನದ ವಸ್ತು.) ಈ ಶೋಧಕ ಅಂಚುಗಳನ್ನು ಚೂಪಾಗಿಸುತ್ತದೆ, ಜೊತೆಗೆ ಗದ್ದಲವನ್ನೂ ಹೆಚ್ಚಿಸುತ್ತದೆ. ಮೃದುವಾದ ಶೋಧಕ ಗದ್ದಲ ಅಡಗಿಸಿ ಅಂಚನ್ನು ಮಂಕಾಗಿಸುತ್ತದೆ. ಅಂದರೆ ಪದರದ ಹಂತದಲ್ಲೇ ಯಾರೋ ಒಂದು ಆಯ್ಕೆ ಮಾಡಿರುತ್ತಾರೆ.

ಪದರಗಳಿಂದ ಮೇಲ್ಮೈ ಹೇಗೆ ಬಂತು? ವಿಲಿಯಂ ಲೊರೆನ್‌ಸನ್ ಮತ್ತು ಹಾರ್ವೆ ಕ್ಲೈನ್ 1987ರಲ್ಲಿ ಪ್ರಕಟಿಸಿದ 'ಮಾರ್ಚಿಂಗ್ ಕ್ಯೂಬ್ಸ್' ವಿಧಾನ ಇಂದಿಗೂ ಬಳಕೆಯಲ್ಲಿದೆ. ದತ್ತಾಂಶವನ್ನು ಪುಟ್ಟ ಪುಟ್ಟ ಘನಗಳ ಜೋಡಣೆ ಎಂದುಕೊಳ್ಳಿ. ಘನದ ಎಂಟು ಮೂಲೆಗಳಲ್ಲೂ ಒಂದೊಂದು ಸಂಖ್ಯೆ. ನೀವು ಒಂದು ಮಿತಿಮೌಲ್ಯ ಆರಿಸುತ್ತೀರಿ. ಪ್ರತಿ ಮೂಲೆಯೂ ಅದಕ್ಕಿಂತ ಮೇಲೋ ಕೆಳಗೋ ಇರುವುದರಿಂದ ಒಟ್ಟು 256 ಸಾಧ್ಯತೆಗಳು. ಸಮಮಿತಿಯನ್ನು ಬಳಸಿದರೆ ಅವು 15ಕ್ಕೆ ಇಳಿಯುತ್ತವೆ. ಒಂದೊಂದಕ್ಕೂ ತ್ರಿಕೋನಗಳ ಒಂದು ವಿನ್ಯಾಸ. ಘನದಿಂದ ಘನಕ್ಕೆ ನಡೆಯುತ್ತಾ ತ್ರಿಕೋನಗಳನ್ನು ಹೊಲಿದರೆ ಮೇಲ್ಮೈ ಸಿದ್ಧ. ಇದಕ್ಕಿಂತ ಅಂದವಾದ ಉಪಾಯ ಹುಡುಕುವುದು ಕಷ್ಟ. ಕೆಲವು ವಿನ್ಯಾಸಗಳಲ್ಲಿ ಗೊಂದಲವಿದ್ದು ಮೇಲ್ಮೈಯಲ್ಲಿ ತೂತು ಉಳಿಯಬಹುದೆಂದು ಮರುವರ್ಷವೇ ತೋರಿಸಲಾಯಿತು, ಅದಕ್ಕೆ ಪರಿಹಾರವೂ ಬಂತು. ನನ್ನ ತಕರಾರು ತೂತಿನದಲ್ಲ, ಮಿತಿಮೌಲ್ಯದ್ದು.

ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ಪಕ್ಕಪಕ್ಕದ ಎರಡು ಪದರಗಳ ನಡುವಿನ ದೂರ 5 ಮಿ.ಮೀ. ಎನ್ನೋಣ. ಗಡ್ಡೆಯೊಳಗಿನ ಬಿಂದುವಿನಲ್ಲಿ ಸಂಖ್ಯೆ 100, ಹೊರಗಿನದರಲ್ಲಿ 40. ಮಿತಿಮೌಲ್ಯ 70 ಎಂದರೆ ಮೇಲ್ಮೈ ನಟ್ಟನಡುವೆ, ಒಳಬಿಂದುವಿನಿಂದ 2.5 ಮಿ.ಮೀ. ದೂರದಲ್ಲಿ ಬೀಳುತ್ತದೆ. 58 ಎಂದರೆ 3.5 ಮಿ.ಮೀ. ದೂರದಲ್ಲಿ. ಒಂದು ಮಿಲಿಮೀಟರ್ ತಾನೇ ಎನ್ನಬೇಡಿ. ಅಂಚು ಎಲ್ಲ ದಿಕ್ಕಿನಲ್ಲೂ ಹೀಗೇ ಮಂಕಾಗಿದ್ದರೆ, 10 ಮಿ.ಮೀ. ತ್ರಿಜ್ಯದ ಗಡ್ಡೆ 11 ಮಿ.ಮೀ. ಆಯಿತು. ಗಾತ್ರ 1.1ರ ಘನದಷ್ಟು, ಅಂದರೆ ಶೇಕಡಾ 33ರಷ್ಟು ಹೆಚ್ಚಿತು. ರೋಗಿಯಲ್ಲಿ ಏನೂ ಬದಲಾಗಿಲ್ಲ, ಪರದೆಯ ಮೇಲಿನ ಜಾರುಗುಂಡಿ ಮಾತ್ರ ಸರಿದಿದೆ. ಸಿ.ಟಿ.ಯಲ್ಲಾದರೆ ನೀರಿಗೆ 0, ಗಾಳಿಗೆ -1000 ಎಂಬ ನಿಶ್ಚಿತ ಮಾಪನವಿದೆ. ಸಾಮಾನ್ಯ ಎಂ.ಆರ್.ಐ.ಯಲ್ಲಿ ಅದೂ ಇಲ್ಲ. ಯಂತ್ರ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ಮೇಲಾಗಿ ಗ್ಲಿಯೋಮ ಜಾತಿಯ ಗಡ್ಡೆಗಳ ಕೋಶಗಳು ಚಿತ್ರದಲ್ಲಿ ಕಾಣುವ ಅಂಚನ್ನು ದಾಟಿ ಸುತ್ತಲಿನ ಮಿದುಳಿಗೆ ಹಬ್ಬಿರುತ್ತವೆ. ಇಲ್ಲದ ಗೆರೆಯನ್ನು ಗಣಕ ಹೊಳೆಯುವ ಕೆಂಪು ತೊಗಲಿನಂತೆ ಬಿಡಿಸಿ ಕೊಡುತ್ತದೆ.

ಇದಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸುವುದು ನರತಂತುಗಳ ಬಣ್ಣದ ಚಿತ್ರ. ನೀವೂ ನೋಡಿರುತ್ತೀರಿ: ಎಡಬಲ ಹೋಗುವ ಎಳೆ ಕೆಂಪು, ಹಿಂದುಮುಂದು ಹೋಗುವುದು ಹಸಿರು, ಮೇಲೆಕೆಳಗೆ ಹೋಗುವುದು ನೀಲಿ, ರೇಷ್ಮೆಯ ಲಡಿಯಂತೆ. ಇಲ್ಲಿ ಎಳೆಯನ್ನು ಯಾರೂ ಕಂಡಿಲ್ಲ. ನೀರಿನ ಅಣುಗಳು ತಂತುವಿನ ಉದ್ದಕ್ಕೆ ಸುಲಭವಾಗಿಯೂ ಅಡ್ಡಕ್ಕೆ ಕಷ್ಟದಿಂದಲೂ ವಿಸರಿಸುತ್ತವೆ. ಬಾಸರ್, ಮ್ಯಾಟಿಯೆಲೊ ಮತ್ತು ಲ ಬಿಹಾನ್ 1994ರಲ್ಲಿ ಈ ವಿಸರಣವನ್ನು ಪ್ರತಿ ಘನದಲ್ಲೂ ಆರು ಸಂಖ್ಯೆಗಳ ಟೆನ್ಸರ್ ಆಗಿ ಅಳೆಯುವ ದಾರಿ ತೋರಿಸಿದರು. ಟೆನ್ಸರ್ ಸೂಚಿಸುವ ಮುಖ್ಯ ದಿಕ್ಕನ್ನು ಹಿಡಿದು ಘನದಿಂದ ಘನಕ್ಕೆ ಸಾಗಿದರೆ ಒಂದು ಎಳೆ. ಆದರೆ ಸುಮಾರು 2 ಮಿ.ಮೀ. ಬದಿಯ ಒಂದು ಘನದಲ್ಲಿ ಮೈಕ್ರೋಮೀಟರ್ ದಪ್ಪದ ತಂತುಗಳು ಲಕ್ಷಗಟ್ಟಲೆ ಇರುತ್ತವೆ, ಅವು ಒಂದನ್ನೊಂದು ಹಾಯುವುದೂ ಸಾಮಾನ್ಯ. ಎರಡು ರಸ್ತೆ ಕೂಡುವಲ್ಲಿ ಸರಾಸರಿ ದಿಕ್ಕು ಕೇಳಿದರೆ ಯಾವ ರಸ್ತೆಯೂ ಇಲ್ಲದ ಕಡೆಗೆ ಬೆರಳು ತೋರಿಸಿದಂತೆ. ಗಡ್ಡೆಯ ಸುತ್ತ ನೀರು ತುಂಬಿ ಊದಿಕೊಂಡ ಜಾಗದಲ್ಲಂತೂ ದಿಕ್ಕೇ ಮಸುಕಾಗಿ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ಚಿತ್ರದಲ್ಲಿ ಅಲ್ಲಿ ಖಾಲಿ ಜಾಗ. ಖಾಲಿ ಎಂದು ನಂಬಿ ಆ ದಾರಿಯಲ್ಲಿ ಹೋದರೆ ಕಳೆದುಹೋಗುವುದು ರೋಗಿಯ ಕೈಯ ಚಲನೆ ಅಥವಾ ಮಾತು.

ಇದು ನನ್ನೊಬ್ಬನ ಅನುಮಾನವಲ್ಲ. 2015ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಗಡ್ಡೆಯಿದ್ದ ರೋಗಿಗಳ ಒಂದೇ ದತ್ತಾಂಶವನ್ನು ಎಂಟು ತಂಡಗಳಿಗೆ ಕೊಟ್ಟು, ಚಲನೆಯನ್ನು ನಿಯಂತ್ರಿಸುವ ತಂತುಗಳ ಕಟ್ಟನ್ನು ಬಿಡಿಸಿ ಎನ್ನಲಾಯಿತು. ಚಿತ್ರಗಳು ಪರಸ್ಪರ ಹೊಂದಲಿಲ್ಲ. ಕೈ ಮತ್ತು ಮುಖಕ್ಕೆ ಸಂಬಂಧಿಸಿದ ಪಕ್ಕದ ಕವಲುಗಳನ್ನು ಹಿಡಿಯುವುದೇ ಹೆಚ್ಚಿನ ವಿಧಾನಗಳಿಗೆ ಕಷ್ಟವಾಯಿತು. 2017ರಲ್ಲಿ 20 ತಂಡಗಳು ಇನ್ನೊಂದು ಪರೀಕ್ಷೆಗೆ ಕುಳಿತವು. ಗಣಕದಲ್ಲೇ ರಚಿಸಿದ, 25 ಕಟ್ಟುಗಳಿರುವ ಮಿದುಳು ಅದು. ಉತ್ತರ ಪರೀಕ್ಷಕರಿಗೆ ಮೊದಲೇ ಗೊತ್ತು. ಬಂದ 96 ಉತ್ತರಗಳಲ್ಲಿ ನಿಜವಾದ ಕಟ್ಟುಗಳು ಬಹುಪಾಲು ಸಿಕ್ಕಿದ್ದವು, ಆದರೆ ಇಲ್ಲದ ಕಟ್ಟುಗಳು ಅವಕ್ಕಿಂತ ಹೆಚ್ಚಿದ್ದವು. ಅನೇಕ ತಂಡಗಳು ಒಂದೇ ತಪ್ಪು ಮಾಡಿದ್ದವು ಎಂಬುದು ನನ್ನನ್ನು ಹೆಚ್ಚು ಕಾಡಿದ ಸಂಗತಿ. ಸರಾಸರಿ ತೆಗೆದರೆ ಇಂಥ ದೋಷ ಹೋಗುವುದಿಲ್ಲ.

ಚಿತ್ರ ಪೂರ್ತಿ ಸರಿಯಿದೆ ಎಂದೇ ಇಟ್ಟುಕೊಂಡರೂ ಅದು ಶಸ್ತ್ರಚಿಕಿತ್ಸೆಗೆ ಮುಂಚಿನ ಮಿದುಳು. ಬುರುಡೆ ತೆರೆದು ಪೊರೆ ಕತ್ತರಿಸಿದೊಡನೆ ದ್ರವ ಸೋರುತ್ತದೆ, ಮಿದುಳು ಕುಸಿಯುತ್ತದೆ. ಅಮೆರಿಕದ ಡಾರ್ಟ್‌ಮತ್‌ನಲ್ಲಿ ಡೇವಿಡ್ ರಾಬರ್ಟ್ಸ್ ಮತ್ತು ಸಂಗಡಿಗರು 28 ರೋಗಿಗಳಲ್ಲಿ ಅಳೆದು 1998ರಲ್ಲಿ ಪ್ರಕಟಿಸಿದಂತೆ, ಮಿದುಳಿನ ಮೇಲ್ಮೈಯ ಸರಾಸರಿ ಸ್ಥಾನಪಲ್ಲಟ ಸುಮಾರು 1 ಸೆಂ.ಮೀ., ಅದೂ ಹೆಚ್ಚಾಗಿ ಗುರುತ್ವದ ದಿಕ್ಕಿಗೆ. ಮಿಲಿಮೀಟರ್ ನಿಖರತೆಯ ನಕ್ಷೆ, ಸೆಂಟಿಮೀಟರ್ ಜರುಗಿದ ಊರು! ಬಾಸ್ಟನ್ನಿನಲ್ಲಿ 1994ರಷ್ಟು ಹಿಂದೆಯೇ ಶಸ್ತ್ರಕ್ರಿಯಾ ಕೋಣೆಯೊಳಕ್ಕೆ ಎಂ.ಆರ್.ಐ. ಯಂತ್ರವನ್ನು ತಂದದ್ದು ಇದಕ್ಕೆ. ರೋಗಿಯನ್ನು ಎಚ್ಚರವಾಗಿರಿಸಿ, ಸಣ್ಣ ವಿದ್ಯುತ್ತಿನಿಂದ ಮಿದುಳನ್ನು ಮುಟ್ಟಿ ಮಾತಾಡಿಸುತ್ತಾ ಮುಂದುವರಿಯುವ ಹಳೆಯ ಕ್ರಮ ಇಂದಿಗೂ ಉಳಿದಿರುವುದೂ ಇದಕ್ಕೇ. ಅನುಭವಿ ಶಸ್ತ್ರವೈದ್ಯರು ಇದನ್ನೆಲ್ಲ ಬಲ್ಲರು. ನನ್ನ ಆಕ್ಷೇಪ ಅವರ ಮೇಲಲ್ಲ, ತಾನು ಎಷ್ಟು ಬಲ್ಲೆ ಎಂದು ಹೇಳದ ಚಿತ್ರದ ಮೇಲೆ.

ಹೇಳುವ ದಾರಿಗಳಿಲ್ಲವೆಂದಲ್ಲ. ಒಂದು ಮಿತಿಮೌಲ್ಯದ ಬದಲು ಮೂರಕ್ಕೆ ಮೂರು ಪಾರದರ್ಶಕ ಮೇಲ್ಮೈಗಳನ್ನು ಒಂದರೊಳಗೊಂದು ತೋರಿಸಬಹುದು. ಎಳೆಯೊಂದರ ಬದಲು ಅದು ಅಲ್ಲಿರುವ ಸಂಭವನೀಯತೆಯನ್ನು ಲೆಕ್ಕ ಹಾಕುವ ವಿಧಾನಗಳೂ ಇವೆ. ಕೊನೆಗೆ ಅದಕ್ಕೂ ಒಂದು ಮಿತಿ ಹಾಕಿ ನುಣುಪು ಮೇಲ್ಮೈ ಮಾಡಿಬಿಟ್ಟರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಚೂಪು ಗೆರೆಯ ಚಿತ್ರ ಮಾರುಕಟ್ಟೆಯಲ್ಲಿ ಓಡುತ್ತದೆ, ಮಸುಕು ಅಂಚಿನದು ಓಡುವುದಿಲ್ಲ ಎಂಬುದು ನನ್ನ ಗುಮಾನಿ.

ಅಧ್ಯಾಪಕ ಮಿತ್ರರೇ, ತ್ರೀಡಿ ಸ್ಲೈಸರ್ ಸಂಶೋಧನೆಗಾಗಿ ಇರುವ ತಂತ್ರಾಂಶ. ನಿಮ್ಮ ಪ್ರಯೋಗಾಲಯದ ಗಣಕ ಹಳೆಯದಾದರೆ ತುಸು ತಾಳ್ಮೆ ಬೇಕು. ಹತ್ತು ವಿದ್ಯಾರ್ಥಿಗಳಿಗೆ ಗಡ್ಡೆಯಿರುವ ಒಂದೇ ಮಾದರಿ ಕಡತ ಕೊಡಿ. ಪರಸ್ಪರ ನೋಡದೆ ಪ್ರತಿಯೊಬ್ಬರೂ ತಮಗೆ ಸರಿಕಂಡ ಮಿತಿಮೌಲ್ಯ ಆರಿಸಿ, ಗಡ್ಡೆಯ ಗಾತ್ರವನ್ನು ಘನ ಮಿಲಿಮೀಟರ್‌ನಲ್ಲಿ ಬರೆದುಕೊಳ್ಳಲಿ. ತಂತ್ರಾಂಶವೇ ಅದನ್ನು ಲೆಕ್ಕ ಹಾಕಿ ಕೊಡುತ್ತದೆ. ಹತ್ತು ಸಂಖ್ಯೆಗಳ ಸರಾಸರಿಯನ್ನೂ ಮಾನಕ ವಿಚಲನೆಯನ್ನೂ ಕಪ್ಪುಹಲಗೆಯ ಮೇಲೆ ಬರೆಯಿಸಿ. ನಮ್ಮ ಪ್ರದರ್ಶನದ ಹುಡುಗ ಈ ಕೆಲಸವನ್ನು ತನ್ನ ತರಗತಿಯಲ್ಲಿ ಮಾಡಿಸುತ್ತಿದ್ದಾನೆ. ಪರದೆಯ ಕೆಳಗೆ ಅಂಟಿಸಿದ್ದ 'ಮಿದುಳಿನ ಫೋಟೋ' ಎಂಬ ಚೀಟಿಯನ್ನು ತಾನೇ ಕಿತ್ತಿದ್ದಾನೆ.