ಹಳೆಯ ರಿಸೀವರ್‌ಗೆ ನಮ್ಮ ಮನೆಯ ಕರೆಂಟು

ಅಮೆರಿಕದಲ್ಲಿ ವರ್ಷಗಟ್ಟಲೆ ಇದ್ದು ಬೆಂಗಳೂರಿಗೋ ಮೈಸೂರಿಗೋ ಮರಳುವವರ ಸಾಮಾನಿನಲ್ಲಿ ಕೆಲವೊಮ್ಮೆ 70ರ ದಶಕದ ಮರಾಂಟ್ಜ್ ಅಥವಾ ಪಯೊನೀರ್ ರಿಸೀವರ್ ಇರುತ್ತದೆ. ಬೆನ್ನಿನ ಮೇಲೆ 120 ವೋಲ್ಟ್, 60 ಹರ್ಟ್ಜ್ ಎಂದು ಅಚ್ಚಾಗಿರುತ್ತದೆ. ನಮ್ಮ ಗೋಡೆಯಲ್ಲಿ ಬರುವುದು 230 ವೋಲ್ಟ್, 50 ಹರ್ಟ್ಜ್. ವೋಲ್ಟಿನ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ. ಹರ್ಟ್ಜ್ ಬಗ್ಗೆ ಯಾರೂ ಕೇಳುವುದಿಲ್ಲ ಎನ್ನುವುದೇ ನನ್ನ ಚಿಂತೆ.

ಮೊದಲು ಟ್ರಾನ್ಸ್‌ಫಾರ್ಮರ್ ನೋಡಿ. ಪ್ರೈಮರಿಯಲ್ಲಿ 120 ವೋಲ್ಟಿನ ಎರಡು ಸುರುಳಿಗಳಿದ್ದು, ಪಟ್ಟಿಯ ಮೇಲೆ 50/60 ಎಂದಿದ್ದರೆ ನೀವು ಪುಣ್ಯವಂತರು. ಪ್ಯಾರಲಲ್‌ನಲ್ಲಿರುವ ಸುರುಳಿಗಳನ್ನು ಬಿಡಿಸಿ ಸೀರೀಸ್‌ನಲ್ಲಿ ಜೋಡಿಸಿದರೆ 240 ವೋಲ್ಟಿಗೆ ಸಿದ್ಧ. ಆದರೆ ಯಾವ ತುದಿ ಯಾವುದಕ್ಕೆ? ತಂತಿಯ ಬಣ್ಣವನ್ನು ನಂಬಬೇಡಿ. 9 ವೋಲ್ಟಿನ ಪುಟ್ಟ ಟ್ರಾನ್ಸ್‌ಫಾರ್ಮರ್‌ನಿಂದ ಒಂದು ಸುರುಳಿಗೆ ಎಸಿ ಕೊಡಿ. ಅದರ ಒಂದು ತುದಿಗೆ ಎರಡನೆಯ ಸುರುಳಿಯ ಒಂದು ತುದಿ ಸೇರಿಸಿ, ಉಳಿದ ಎರಡು ತುದಿಗಳ ನಡುವೆ ಮೀಟರ್ ಹಿಡಿಯಿರಿ. ಸುಮಾರು 18 ತೋರಿಸಿದರೆ ಜೋಡಣೆ ಸರಿ. ಸೊನ್ನೆಯ ಹತ್ತಿರ ನಿಂತರೆ ಸುರುಳಿಗಳು ಒಂದನ್ನೊಂದು ಕೊಲ್ಲುತ್ತಿವೆ ಎಂದರ್ಥ. ಹಾಗೆಯೇ ಗೋಡೆಯ ಕರೆಂಟು ಕೊಟ್ಟರೆ ಅದು ಶಾರ್ಟ್ ಸರ್ಕ್ಯೂಟ್‌ಗೆ ಸಮ. ಮೀಟರ್ ಒಪ್ಪಿದ ಮೇಲೂ ಮೊದಲ ಬಾರಿ 100 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬನ್ನು ಸೀರೀಸ್‌ನಲ್ಲಿಟ್ಟೇ ಆನ್ ಮಾಡಿ. ಬಲ್ಬು ಒಮ್ಮೆ ಹೊಳೆದು ಮಂಕಾಗಬೇಕು. ಉರಿಯುತ್ತಲೇ ಇದ್ದರೆ ಕೂಡಲೇ ಸ್ವಿಚ್ ಆರಿಸಿ.

ಫ್ಯೂಸ್ ಅರ್ಧಕ್ಕೆ ಇಳಿಯಬೇಕು, 4 ಆಂಪಿಯರ್ ಇದ್ದಲ್ಲಿ 2. ಪವರ್ ಸ್ವಿಚ್‌ಗೆ ಅಡ್ಡಲಾಗಿ ಕೂತ, ಕಿಡಿ ತಡೆಯುವ ಪುಟ್ಟ ಕೆಪಾಸಿಟರನ್ನು ಬಹಳ ಜನ ಮರೆಯುತ್ತಾರೆ. 125 ವೋಲ್ಟಿನದ್ದಾದರೆ ತೆಗೆದು, 275 ವೋಲ್ಟಿನ ಎಕ್ಸ್2 ಹಾಕಿ. ಹಿಂಬದಿಯಲ್ಲಿ ಬೇರೆ ಸಾಧನಗಳಿಗೆಂದು ಇರುವ ಅಮೆರಿಕನ್ ಸಾಕೆಟ್‌ಗಳಿಗೂ ಈಗ 230 ವೋಲ್ಟ್ ಬರುತ್ತದೆ. ಅವುಗಳ ತಂತಿ ಕಳಚಿ, ಬಾಯಿ ಮುಚ್ಚಿಬಿಡಿ.

ಒಂದೇ ಸುರುಳಿ ಇದ್ದರೆ? ಟ್ರಾನ್ಸ್‌ಫಾರ್ಮರ್ ಬಿಚ್ಚಿ ಹೊಸದಾಗಿ ಸುತ್ತಿಸಿಕೊಡುತ್ತೇವೆ ಎನ್ನುವವರಿದ್ದಾರೆ. ಸುಟ್ಟುಹೋಗದ ಮೂಲ ಟ್ರಾನ್ಸ್‌ಫಾರ್ಮರನ್ನು ಹಾಗೆ ಹಾಳುಮಾಡುವುದನ್ನು ನಾನು ಒಪ್ಪಲಾರೆ. ಹೊರಗೆ ಸ್ಟೆಪ್‌ಡೌನ್ ಇಡಿ. ಆಟೋ ಟ್ರಾನ್ಸ್‌ಫಾರ್ಮರ್ ಬೇಡ, ಎರಡು ಬೇರೆ ಸುರುಳಿಗಳದ್ದೇ ಇರಲಿ. ಅಂಗಡಿಯವರು 110 ಕೊಡುತ್ತಾರೆ. ನೀವು 100 ಕೇಳಿ. 60 ಹರ್ಟ್ಜ್‌ಗೆ ಮಾಡಿದ ಕೋರ್‌ಗೆ 50 ಹರ್ಟ್ಜ್ ಕೊಟ್ಟರೆ ಪ್ರತಿ ಸುತ್ತಿನಲ್ಲೂ ಕಾಂತತೆ ಹೆಚ್ಚುಹೊತ್ತು ಏರುತ್ತದೆ. ಕೋರ್ ತುಂಬಿ, ಗುಂಯ್‌ಗುಟ್ಟಿ, ಬಿಸಿಯಾಗುತ್ತದೆ. 120ನ್ನು 60ರಿಂದ ಭಾಗಿಸಿದರೂ 100ನ್ನು 50ರಿಂದ ಭಾಗಿಸಿದರೂ ಬರುವುದು 2. ಅಷ್ಟರಲ್ಲಿ ಕೋರ್ ನೆಮ್ಮದಿಯಾಗಿರುತ್ತದೆ. ಶಕ್ತಿ ಸುಮಾರು ಮೂರನೇ ಒಂದು ಪಾಲು ತಗ್ಗಬಹುದು, ಆದರೆ ಕಿವಿಗೆ ಅದು ಅಷ್ಟಾಗಿ ತಿಳಿಯುವುದಿಲ್ಲ. ಇದು ಟ್ರಾನ್ಸಿಸ್ಟರ್ ಸೆಟ್‌ಗಳಿಗೆ ಮಾತ್ರ. ವಾಲ್ವ್ ಸೆಟ್‌ನಲ್ಲಿ ಹೀಟರ್‌ಗೆ 6.3 ವೋಲ್ಟ್ ಬೇಕೇ ಬೇಕು, ಅಲ್ಲಿ ಈ ಉಪಾಯ ನಡೆಯದು.

ಜಪಾನಿನ ಮನೆಮಾರುಕಟ್ಟೆಗೆಂದೇ ಮಾಡಿದ ಸೆಟ್‌ಗಳಿಗೂ 100 ವೋಲ್ಟೇ ಬೇಕು. 1890ರ ದಶಕದಲ್ಲಿ ಟೋಕಿಯೊ ಜರ್ಮನಿಯಿಂದಲೂ ಒಸಾಕಾ ಅಮೆರಿಕದಿಂದಲೂ ಜನರೇಟರ್ ತರಿಸಿದ್ದರಿಂದ ಆ ದೇಶದ ಪೂರ್ವದಲ್ಲಿ ಇಂದಿಗೂ 50, ಪಶ್ಚಿಮದಲ್ಲಿ 60 ಹರ್ಟ್ಜ್. ಹಾಗಾಗಿ ಅಲ್ಲಿನವರು ಎರಡಕ್ಕೂ ತಾಳುವ ಆಂಪ್ಲಿಫೈಯರ್ ಮಾಡಲೇಬೇಕಿತ್ತು.

ಟರ್ನ್‌ಟೇಬಲ್ ವಿಷಯ ಬೇರೆ. ಗ್ಯಾರಾರ್ಡ್ 301ರಂಥ ಎಸಿ ಮೋಟರಿನ ವೇಗ ಹರ್ಟ್ಜ್ ಮೇಲೆ ನಿಂತಿದೆ. ಮೋಟರಿನ ಬಳಿಯ ಪಟ್ಟಿ ಬದಲಿಸಿ 230ಕ್ಕೆ ಒಗ್ಗಿಸಿದರೂ, 60 ಹರ್ಟ್ಜ್ ಪುಲ್ಲಿ ಹಾಗೇ ಉಳಿದರೆ ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ತಟ್ಟೆ ಸುಮಾರು 27.8ಕ್ಕೆ ಇಳಿಯುತ್ತದೆ. ಕರಿ ಎರಡರ ಶ್ರುತಿಯಲ್ಲಿ ಹಾಡಿದ್ದು ಬಿಳಿ ಒಂದರ ಹತ್ತಿರ ಕೇಳಿಸುತ್ತದೆ. 50 ಹರ್ಟ್ಜ್ ಪುಲ್ಲಿ ಕೈಗೆ ಬಂದ ಮೇಲೆ ಮೋಟರಿಗೆ ಕೈಹಾಕಿ.