ಎಂ.ವಿ.ಎ. ಪದವಿ ಮತ್ತು ಬೋರ್ಡು ಬರೆಯುವ ಕೈ

ಹಗರಿಬೊಮ್ಮನಹಳ್ಳಿಯಂಥ ಊರುಗಳಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದವರ ಕುಂಚವನ್ನು ಫ್ಲೆಕ್ಸ್ ಕಸಿದುಕೊಂಡಿತು. ಅವರ ಮಕ್ಕಳು ಚಿತ್ರಕಲೆಯಲ್ಲಿ ಸ್ನಾತಕೋತ್ತರ ಪದವಿ ಬಯಸಿದರೆ? ಪಿಯುಸಿ ಮುಗಿಸಿ ದಾವಣಗೆರೆಗೋ ಕಲಬುರಗಿಗೋ ಹೋಗಿ 4 ವರ್ಷ ಬಿ.ವಿ.ಎ. ಓದಬೇಕು, ಮೇಲೆ 2 ವರ್ಷದ ಎಂ.ವಿ.ಎ. ಸ್ಟುಡಿಯೋ ಕೆಲಸ, ಪ್ರಬಂಧ, ಪ್ರದರ್ಶನ, ಮೌಖಿಕ ಪರೀಕ್ಷೆ. ಕಠಿಣವಾಗಿರಲಿ, ನಮ್ಮ ತಕರಾರಿಲ್ಲ. ಪ್ರಬಂಧದ ಶ್ರಮ ಕಣ್ಣನ್ನೂ ಹರಿತಗೊಳಿಸುತ್ತದೆ. ಆದರೆ ಕ್ಯಾನ್ವಾಸು, ಬಣ್ಣ, ಚೌಕಟ್ಟುಗಳ ಖರ್ಚು ಅರ್ಹತೆಯ ಪಟ್ಟಿಯಲ್ಲಿ ಕಾಣುವುದಿಲ್ಲ. ಬಡವನನ್ನು ಹೊಸ್ತಿಲಲ್ಲೇ ನಿಲ್ಲಿಸುವುದು ಅದೇ. ಇನ್ನು ಅಪ್ಪನ ಕೈಯಿಂದ ಕಲಿತ ಅಕ್ಷರ, ಕನ್ನಡದ್ದಿರಲಿ ಉರ್ದುವಿನದ್ದಿರಲಿ, ಎಷ್ಟು ಹದವಾಗಿದ್ದರೂ ಬಿ.ವಿ.ಎ.ಗೆ ಸಮವಲ್ಲ. ಹತ್ತು ವರ್ಷ ಬೋರ್ಡು ಬರೆದವನನ್ನು ಪ್ರವೇಶ ಪರೀಕ್ಷೆಗಾದರೂ ಕೂರಿಸಬಾರದೇ? ಮುಂಬಯಿಯಲ್ಲಿ ಸಿನಿಮಾ ಫಲಕ ಬರೆದು ಹೊಟ್ಟೆ ಹೊರೆದ ಎಂ.ಎಫ್. ಹುಸೇನರು ಅರ್ಜಿ ಹಿಡಿದು ಬಂದಿದ್ದರೂ ಗುಮಾಸ್ತರು ಮೊದಲು ಅಂಕಪಟ್ಟಿಯನ್ನೇ ಕೇಳುತ್ತಿದ್ದರು.