ದೊಡ್ಡಮ್ಮನ ದನಿಯೂ ನಾಯ್ಸ್ ಅಂತೆ

ಅಜ್ಜಿ ಹೋಗಿ ಮೊನ್ನೆಗೆ ಒಂದು ವರ್ಷ. ವರ್ಷಾಂತಿಕಕ್ಕೆ ಊರಿಗೆ ಬರಲಾಗದವರೆಲ್ಲ ಫ್ಯಾಮಿಲಿ ಗ್ರೂಪಿನಲ್ಲಿ ಅಜ್ಜಿಯ ಫೋಟೋ ಹಾಕ್ತಾ ಇದ್ದರು. ಆಗ ನನಗೆ ಹಳೇ ಹಾರ್ಡ್‌ಡಿಸ್ಕಿನಲ್ಲಿದ್ದ ಒಂದು ವಿಡಿಯೋ ನೆನಪಾಯಿತು. ಸಾಗರದ ಹತ್ತಿರದ ನಮ್ಮೂರಿನಲ್ಲಿ, ಅಡಿಕೆ ಕೊಯ್ಲಿನ ಟೈಮಲ್ಲಿ, ರಾತ್ರಿ ಊಟಕ್ಕೆ ಮುಂಚೆ ಮೊಬೈಲಿನಲ್ಲಿ ತೆಗೆದದ್ದು. ಬರೀ ನಾಲ್ಕು ನಿಮಿಷ. ಅಜ್ಜಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಾ ಸೋಬಾನೆ ಹಾಡು ಹೇಳುತ್ತಾಳೆ. ಹಿಂದೆ ಕತ್ತಲಲ್ಲಿ ಇನ್ನೂ ಮೂರು ಜನ ಸುಲಿಯುತ್ತಾ ಕೂತಿದ್ದಾರೆ. ಟ್ಯೂಬ್‌ಲೈಟಿನ ಚೋಕ್ ಗುಂಯ್‌ಗುಡುತ್ತಿದೆ, ಜೀರುಂಡೆ ಕೂಗುತ್ತಿದೆ, ಸುಲಿದ ಅಡಿಕೆ ಬಕೆಟ್ಟಿಗೆ ಬೀಳುವ ಟಣ್ ಟಣ್ ನಿಲ್ಲುವುದೇ ಇಲ್ಲ.

ಹಾಗೇ ಹಾಕಿದರೆ ಯಾರಿಗೂ ಸರಿಯಾಗಿ ಕೇಳಲ್ಲ ಅನ್ನಿಸಿತು. ಈಗ ಎಐ ಇದೆಯಲ್ಲ! ಒಂದು ವೆಬ್‌ಸೈಟಿಗೆ ಅಪ್‌ಲೋಡ್ ಮಾಡಿದೆ. ಹೆಸರು ಬೇಡ, ಆ ಥರದವು ಈಗ ಹತ್ತಾರಿವೆ. ಎರಡು ನಿಮಿಷದಲ್ಲಿ ಫೈಲ್ ಬಂತು. ಇಯರ್‌ಫೋನ್ ಹಾಕಿ ಕೇಳಿದೆ, ಮೈ ಜುಮ್ ಅಂತು. ಅಜ್ಜಿ ಆಕಾಶವಾಣಿ ಸ್ಟುಡಿಯೋದಲ್ಲಿ ಕೂತು ಹಾಡಿದ ಹಾಗಿತ್ತು. ಗ್ರೂಪಿಗೆ ಹಾಕಿದೆ. ಹಾರ್ಟುಗಳ ಸುರಿಮಳೆ.

ಆಮೇಲೆ ಅಮೆರಿಕದಲ್ಲಿರುವ ಕಸಿನ್ ಒಬ್ಬಳು ಪ್ರೈವೇಟ್ ಆಗಿ ಮೆಸೇಜ್ ಮಾಡಿದಳು: "ಪಾಪ, ಅಜ್ಜಿಗೆ ಆಗಲೇ ಮರೆವು ಶುರುವಾಗಿತ್ತೇನೋ? ಪ್ರತಿ ಸಾಲಾದ ಮೇಲೆ ಅಷ್ಟು ಹೊತ್ತು ನಿಲ್ಲಿಸ್ತಾರೆ..."

ಸಂಜೆ ಊರಿಂದ ದೊಡ್ಡಮ್ಮನ ಫೋನು. ಅದೂ ಇದೂ ಮಾತಾಡಿ ಕೊನೆಗೆ ಕೇಳಿದಳು, "ಅಲ್ಲಾ ಮಾರಾಯ, ಅವತ್ತು ಹಿಂದಿಂದ ನಾನೂ ಹೇಳ್ತಿದ್ನಲ್ಲ, ಅದು ಎಲ್ಲಿ ಹೋಯ್ತು?"

ಮೂಲ ವಿಡಿಯೋ ತೆಗೆದು ಮತ್ತೆ ಕೇಳಿದೆ. ಹೌದು. ಅಜ್ಜಿ ಒಂದು ಸಾಲು ಹೇಳ್ತಾಳೆ, ನಿಲ್ಲಿಸ್ತಾಳೆ. ಹಿಂದಿನ ಕತ್ತಲಿಂದ ದೊಡ್ಡಮ್ಮ ಅದೇ ಸಾಲನ್ನು ಸಣ್ಣ ದನಿಯಲ್ಲಿ ಎತ್ತಿಕೊಳ್ತಾಳೆ. ಆಮೇಲೆ ಅಜ್ಜಿ ಮುಂದಿನ ಸಾಲಿಗೆ ಹೋಗ್ತಾಳೆ. ಒಬ್ಬರು ಹೇಳಿ ಇನ್ನೊಬ್ಬರು ತಿರುಗಿ ಹೇಳೋ ಹಾಡು ಅದು. ಅಜ್ಜಿ ಮರೆತು ನಿಂತದ್ದಲ್ಲ, ಮಗಳಿಗೆ ಜಾಗ ಬಿಟ್ಟದ್ದು. ಆ ಜಾಗವನ್ನೇ ಸಾಫ್ಟ್‌ವೇರು ಗುಡಿಸಿ ಖಾಲಿ ಮಾಡಿತ್ತು. ನಾನು ಕ್ಲೀನ್ ಮಾಡಿದ್ದು ಆಡಿಯೋ, ಹುಟ್ಟಿದ್ದು ಅಜ್ಜಿಗೆ ಇಲ್ಲದ ಕಾಯಿಲೆ.

ತಪ್ಪು ಯಾರದು? ಆ ಟೂಲು ತನಗೆ ಹೇಳಿಕೊಟ್ಟದ್ದನ್ನೇ ಮಾಡಿದೆ. ಹೇಳಿಕೊಟ್ಟದ್ದು ಏನು ಅನ್ನೋದನ್ನು ಸ್ವಲ್ಪ ನೋಡಬೇಕು.

ಶಬ್ದದ ಕಸ ತೆಗೆಯುವ ಕೆಲಸದಲ್ಲಿ ನಮಗೆಲ್ಲ ಗೊತ್ತಿರುವ ಹೆಸರು ಡಾಲ್ಬಿ. ರೇ ಡಾಲ್ಬಿ 1965ರಲ್ಲಿ ಲಂಡನ್ನಿನಲ್ಲಿ ತಮ್ಮ ಲ್ಯಾಬ್ ಶುರು ಮಾಡಿದರು. ಅದಕ್ಕೆ ಮುಂಚೆ ವಿಶ್ವಸಂಸ್ಥೆಯ ಸಲಹೆಗಾರರಾಗಿ ಎರಡು ವರ್ಷ ಭಾರತದಲ್ಲೇ ಇದ್ದವರು. ಅವರು ಹಿಡಿದ ಕಳ್ಳ ಟೇಪಿನ ಹಿಸ್, ಅಂದರೆ ಆ 'ಸ್ಸ್' ಸದ್ದು. ರೆಕಾರ್ಡ್ ಮಾಡುವಾಗ ಮೆಲುವಾದ ಸದ್ದುಗಳನ್ನು ಎತ್ತಿ ಬರೆಯೋದು, ಕೇಳಿಸುವಾಗ ಅಷ್ಟೇ ಇಳಿಸೋದು. ಇಳಿಸುವಾಗ ಟೇಪು ಸೇರಿಸಿದ ಹಿಸ್ಸೂ ಜೊತೆಗೇ ಇಳಿಯುತ್ತೆ. ಕೋಣೆಯಲ್ಲಿ ಕೇಳಿಸಿದ್ದೆಲ್ಲ ಹಾಗೇ ಉಳಿಯುತ್ತೆ, ಮಷೀನು ತನ್ನ ಕಡೆಯಿಂದ ಸೇರಿಸಿದ್ದಷ್ಟೇ ಹೋಗುತ್ತೆ.

1979ರಲ್ಲಿ ಸ್ಟೀವನ್ ಬೋಲ್ ಎಂಬ ಸಂಶೋಧಕ 'ಸ್ಪೆಕ್ಟ್ರಲ್ ಸಬ್‌ಟ್ರ್ಯಾಕ್ಷನ್' ಬಗ್ಗೆ ಬರೆದ. ಯಾರೂ ಮಾತಾಡದ ಹೊತ್ತಿನ ಸದ್ದನ್ನು ಅಳೆದು, ಅದನ್ನು ಉಳಿದ ರೆಕಾರ್ಡಿಂಗಿನಿಂದ ಕಳೆಯೋದು. ಇಲ್ಲಿಗೆ ಲೆಕ್ಕ ಬದಲಾಯಿತು. ಈಗ ಕೋಣೆಯ ಸದ್ದೂ ಕಸ. ಫ್ಯಾನು, ಫ್ರಿಡ್ಜು, ಜೀರುಂಡೆ, ಒಂದೇ ಸಮ ಇರುವುದೆಲ್ಲ ಕಳೆಯತಕ್ಕದ್ದು. ಈ ಲೆಕ್ಕಕ್ಕೆ ತಂಬೂರಿಯೂ ಫ್ಯಾನೂ ಒಂದೇ!

ಈಗಿನ ಎಐ ಇನ್ನೊಂದು ಹೆಜ್ಜೆ ಮುಂದೆ. ಶುದ್ಧ ಮಾತಿನ ರೆಕಾರ್ಡಿಂಗುಗಳಿಗೆ ಬೇಕಂತಲೇ ಗದ್ದಲ ಬೆರೆಸಿ, 'ಇದರಿಂದ ಅದನ್ನು ವಾಪಸ್ ತೆಗೆ' ಅಂತ ಅದಕ್ಕೆ ಪಾಠ ಮಾಡಿರುತ್ತಾರೆ. 2017ರಲ್ಲಿ ಜೀನ್-ಮಾರ್ಕ್ ವಾಲಿನ್ ಬಿಡುಗಡೆ ಮಾಡಿದ ಆರ್‌ಎನ್‌ನಾಯ್ಸ್ ಎಂಬ ಓಪನ್ ಸೋರ್ಸ್ ಪ್ರಾಜೆಕ್ಟ್ ಧ್ವನಿಯನ್ನು 22 ಪಟ್ಟಿಗಳಾಗಿ ಒಡೆದು, ಯಾವ ಪಟ್ಟಿಯನ್ನು ಎಷ್ಟು ತಗ್ಗಿಸಬೇಕು ಅಂತ ಕ್ಷಣಕ್ಷಣಕ್ಕೂ ತೀರ್ಮಾನಿಸುತ್ತೆ. ಆ ಪುಟ್ಟ ಪ್ರೋಗ್ರಾಮಿನ ಚುರುಕು ನೋಡಿದರೆ ಖುಷಿಯಾಗುತ್ತೆ. ಇಂಥವಕ್ಕೆಲ್ಲ ಮುಖ್ಯವಾದ ಕೆಲಸ ಫೋನು ಮತ್ತು ವಿಡಿಯೋ ಕಾಲ್. ಕಾಲ್‌ನಲ್ಲಿ ಮೈಕಿನ ಹತ್ತಿರ ಇರುವ ಒಬ್ಬರ ಮಾತು ಮುಖ್ಯ. ದೂರದಲ್ಲಿ ಸಣ್ಣಗೆ ಕೇಳುವ ಇನ್ನೊಂದು ದನಿ ಪಕ್ಕದ ಡೆಸ್ಕಿನವನದ್ದು, ಅದು ಹೋಗಬೇಕು.

ನನ್ನ ತಕರಾರು ಇರೋದು ಇಲ್ಲಿ. ಈ ಟೂಲುಗಳು ನಮ್ಮ ಮನೆಯನ್ನೂ ಮೀಟಿಂಗ್ ಥರಾನೇ ಕೇಳಿಸಿಕೊಳ್ಳುತ್ತವೆ. ಅಜ್ಜಿ ಪ್ರೆಸೆಂಟರ್, ದೊಡ್ಡಮ್ಮ ಮ್ಯೂಟ್ ಮಾಡಿಕೊಳ್ಳದ ಸಹೋದ್ಯೋಗಿ. ಆದರೆ ಮನೆಯ ವಿಡಿಯೋದಲ್ಲಿ ಹತ್ತಿರ ಇರುವವರು ಮುಖ್ಯ, ದೂರ ಇರುವವರು ಅಮುಖ್ಯ ಅಂತ ಏನಿಲ್ಲ. ಅವತ್ತು ಮೊಬೈಲ್ ಹಿಡಿದವನು ಎಲ್ಲಿ ನಿಂತಿದ್ದ ಅನ್ನೋದಷ್ಟೇ ವ್ಯತ್ಯಾಸ.

ಕನ್ನಡದಲ್ಲಿ ನೋಡಿ, ಸದ್ದು ಬೇರೆ, ಸಪ್ಪಳ ಬೇರೆ, ಗದ್ದಲ ಬೇರೆ, ಗಲಾಟೆ ಬೇರೆ. ಹೆಜ್ಜೆ ಸಪ್ಪಳ ಅಂತೀವಿ, ಹೆಜ್ಜೆ ಗಲಾಟೆ ಅನ್ನಲ್ಲ. ಸಾಫ್ಟ್‌ವೇರಿನ ಮೆನುವಿನಲ್ಲಿ ಎಲ್ಲಕ್ಕೂ ಸೇರಿ ಒಂದೇ ಪದ, ನಾಯ್ಸ್. ನಾವೂ ಆ ಒಂದು ಪದದಲ್ಲೇ ಯೋಚಿಸೋಕೆ ಶುರು ಮಾಡಿದೀವಿ.

ನಮ್ಮ ಕಿವಿಯ ರುಚಿಯೂ ಇದಕ್ಕೆ ಕಾರಣ ಇರಬಹುದು. ದಶಕಗಳ ಕಾಲ ನಮ್ಮ ಸಿನಿಮಾಗಳು ಶೂಟಿಂಗ್ ಆದ ಮೇಲೆ ಡಬ್ಬಿಂಗ್ ಥಿಯೇಟರಿನಲ್ಲಿ ಮಾತಾಡಿದವು. ಹೊಲದಲ್ಲಿ ನಿಂತ ನಾಯಕನ ದನಿ ಮುಚ್ಚಿದ ಕೋಣೆಯಿಂದ ಬರೋದು. ಜಾಗವೇ ಇಲ್ಲದ ದನಿಯನ್ನು 'ಒಳ್ಳೇ ಸೌಂಡ್' ಅಂತ ಒಪ್ಪಿಕೊಂಡು ಬೆಳೆದವರು ನಾವು. ಕ್ಲೀನ್ ಆದ ಫೈಲ್ ಕೇಳಿ ಮೊದಲು ನನಗೆ ಜುಮ್ ಅಂದದ್ದೂ ಅದಕ್ಕೇ.

ಹಾಗಂತ ಗದ್ದಲವೆಲ್ಲ ಪವಿತ್ರ, ಏನನ್ನೂ ಮುಟ್ಟಬೇಡಿ ಅಂತ ನಾನು ಹೇಳ್ತಿಲ್ಲ. ಕಿವಿ ಮಂದವಾದ ಹಿರಿಯರಿಗೆ ಫ್ಯಾನಿನ ಸದ್ದಿನ ನಡುವೆ ಮಾತು ಹೆಕ್ಕೋದು ನಿಜವಾಗಿ ಕಷ್ಟ. ಅಜ್ಜಿಯ ವಿಡಿಯೋದಲ್ಲೂ ತೆಗೆಯಲೇಬೇಕಾದ್ದು ಇತ್ತು. ಹಾಗಾಗಿ ಮುಂದಿನ ಭಾನುವಾರ ಮತ್ತೆ ಕೂತೆ, ಈ ಸಲ ಹಳೇ ಉಚಿತ ಸಾಫ್ಟ್‌ವೇರ್ ಅಡಾಸಿಟಿ ಜೊತೆ.

ವಿಡಿಯೋದಿಂದ ಆಡಿಯೋ ಬೇರೆ ಮಾಡಿಕೊಂಡೆ. ಮೊದಲು ಚೋಕಿನ ಗುಂಯ್. ನಮ್ಮ ಕರೆಂಟು 50 ಹರ್ಟ್ಜ್, ಚೋಕ್ ಗುಂಯ್‌ಗುಡೋದು ಅದರ ಎರಡರಷ್ಟು, 100ರಲ್ಲಿ. ಅಜ್ಜಿಯ ದನಿ ಅದಕ್ಕಿಂತ ಮೇಲೆ. ನಾಚ್ ಫಿಲ್ಟರಿನಿಂದ 100ರ ಹತ್ತಿರ ಮಾತ್ರ ಒಂದು ಸಣ್ಣ ಸೀಳು ಹಾಕಿದೆ. ಹಾಡಿಗೆ ಏನೂ ಆಗಲಿಲ್ಲ.

ಆಮೇಲೆ ನಾಯ್ಸ್ ರಿಡಕ್ಷನ್. ಯಾರೂ ಹಾಡದ, ಅಡಿಕೆಯೂ ಬೀಳದ ಎರಡು ಸೆಕೆಂಡು ಆರಿಸಿ ಪ್ರೊಫೈಲ್ ಕೊಟ್ಟೆ. ದುರಾಸೆಯಿಂದ 24 ಡೆಸಿಬಲ್ ಹಾಕಿದೆ. 'ಸೋಬಾನೆ' ಹೋಗಿ 'ಓಬಾನೆ' ಆಯಿತು! ಯಾಕೆ ಅಂದರೆ, ಜೀರುಂಡೆ ಕೂಗೋದು ಎತ್ತರದ ಶ್ರುತಿಯಲ್ಲಿ, ನಮ್ಮ ಸ, ಶಗಳ ಉಸಿರೂ ಹೆಚ್ಚುಕಮ್ಮಿ ಅಲ್ಲೇ ಇರೋದು. ಜೀರುಂಡೆಯನ್ನು ಓಡಿಸಲು ಹೋದರೆ ಸಕಾರವೂ ಜೊತೆಗೆ ಓಡುತ್ತೆ. ಉಳಿದ ದನಿಯೂ ನೀರಿನೊಳಗಿಂದ ಗುಳುಗುಳು ಬಂದ ಹಾಗೆ.

ಆಗ ಕಣ್ಣಿಗೆ ಬಿದ್ದದ್ದು ಅದೇ ಡಬ್ಬಿಯ ಮೂಲೆಯಲ್ಲಿರುವ 'ರೆಸಿಡ್ಯೂ' ಅನ್ನೋ ಆಯ್ಕೆ. ಅದನ್ನು ಒತ್ತಿದರೆ ಉಳಿಯೋದಲ್ಲ, ಎಸೆಯೋಕೆ ಹೊರಟಿರೋದು ಕೇಳಿಸುತ್ತೆ. ಒತ್ತಿ ಕೇಳಿದೆ. ಜೀರುಂಡೆ ಮತ್ತು ಹಿಸ್‌ನ ನಡುವೆ ಅಜ್ಜಿ ಪಿಸುಗುಟ್ಟುತ್ತಿದ್ದಳು, ಬರೀ ಸ, ಸ, ಶ. ಅದರ ಹಿಂದೆ ದೊಡ್ಡಮ್ಮನೂ ಇದ್ದಳು.

24ರಿಂದ 12ಕ್ಕೆ ಬಂದೆ, ಇನ್ನೂ ಪಿಸುಮಾತು. 6ಕ್ಕೆ ಬಂದಾಗ ರೆಸಿಡ್ಯೂನಲ್ಲಿ ಮನುಷ್ಯರ ಸುಳಿವು ನಿಂತಿತು. ಅಲ್ಲಿಗೇ ಬಿಟ್ಟೆ. ಜೀರುಂಡೆ ಸ್ವಲ್ಪ ಹಿಂದಕ್ಕೆ ಸರಿಯಿತು, ಹೋಗಲಿಲ್ಲ. ದೊಡ್ಡಮ್ಮ ಹೇಳುವ ಸಾಲುಗಳಷ್ಟನ್ನು ಕೈಯಾರೆ ಸ್ವಲ್ಪ ಎತ್ತಿದೆ. ಬಕೆಟ್ಟಿನ ಟಣ್ ಟಣ್ ಮುಟ್ಟಲಿಲ್ಲ, ಹಾಡಿಗೆ ತಾಳ ಅಂತ ಇದ್ದದ್ದೇ ಅದು.

ನೀವೂ ಯಾವತ್ತೋ ಇಂಥ ವಿಡಿಯೋ ಕ್ಲೀನ್ ಮಾಡೋಕೆ ಕೂರ್ತೀರಿ. ಮೂಲ ಫೈಲನ್ನು ಡಿಲೀಟ್ ಮಾಡಬೇಡಿ. ನಾನದನ್ನು ಇಟ್ಟುಕೊಂಡಿರದಿದ್ದರೆ ಅಜ್ಜಿಯ ಮರೆವು ನಮ್ಮ ಮನೆಯ ಇತಿಹಾಸ ಆಗಿಬಿಡ್ತಿತ್ತು. ತೆಗೆದದ್ದನ್ನು ಒಮ್ಮೆ ಕೇಳಿ, ನಿಮ್ಮ ಟೂಲು ಕೇಳಿಸಲು ಬಿಡದಿದ್ದರೆ ಮೂಲವನ್ನೂ ಕ್ಲೀನ್ ಆದದ್ದನ್ನೂ ಒಂದಾದ ಮೇಲೊಂದು ಹಾಕಿ ಹೋಲಿಸಿ. ಮತ್ತೆ, ಮುಂದಿನ ಸಲ ರೆಕಾರ್ಡ್ ಮಾಡುವಾಗ ಹತ್ತಿರ ಹೋಗಿ. ಎರಡು ಮೀಟರಿನಿಂದ ಒಂದು ಮೀಟರಿಗೆ ಬಂದರೆ ಮಾತು ಸುಮಾರು 6 ಡೆಸಿಬಲ್ ಜಾಸ್ತಿ ಸಿಗುತ್ತೆ. ಇಡೀ ಭಾನುವಾರ ಕೂತು ನಾನು ಗಳಿಸಿದ್ದೂ ಅಷ್ಟೇ.

ಹೊಸ ಫೈಲನ್ನು ಗ್ರೂಪಿಗೆ ಹಾಕಿದೆ. ಈ ಸಲ ಹಾರ್ಟು ಕಡಿಮೆ. 'ಹಳೇದೇ ಕ್ಲಿಯರ್ ಇತ್ತು' ಅಂತ ಒಬ್ಬ ಮಾವ. ಕಸಿನ್ ಮಾತ್ರ "ಅಯ್ಯೋ, ಇಬ್ಬರು ಹೇಳ್ತಿದ್ದಾರಾ!" ಅಂತ ಬರೆದಳು.

ರಾತ್ರಿ ದೊಡ್ಡಮ್ಮ ಫೋನ್ ಮಾಡಿದಳು. ಕೇಳಿದೆ, ಈಗ ಸರಿ ಇದೆ ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದ್ಕಡೆ ನಾನು ಸಾಲು ತಪ್ಪಿ ಹೇಳಿದೀನಿ ಮಾರಾಯ. ಅದೊಂದನ್ನ ತೆಗೆಯೋಕೆ ಬರುತ್ತಾ?"

ಬರಲ್ಲ ದೊಡ್ಡಮ್ಮ, ಅಂದೆ.